ಸಿಮ್ಯುಲೇಟರ್ ಒಳಗೆ ನಿಮ್ಮ ತೂಕ ಎಷ್ಟು? ಪೈಲಟ್ ಮತ್ತು ಸಿಬ್ಬಂದಿಯ ಭಾರ ಹುಡುಕಿ ಸರಿಪಡಿಸುವ ಬಗೆ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಯಾವುದಾದರೂ ಸಣ್ಣ ವಿಮಾನ ಆರಿಸಿ, ವೇಯ್ಟ್ ಅಂಡ್ ಬ್ಯಾಲೆನ್ಸ್ ಪುಟ ತೆರೆಯಿರಿ. ಪೈಲಟ್ ಎಂದಿರುವ ಕಡೆ ಬಹಳ ಸಲ 170 ಪೌಂಡ್, ಅಂದರೆ 77 ಕೆಜಿ ಕಾಣುತ್ತದೆ. ನೀವು 55 ಕೆಜಿ ಇದ್ದರೂ 77, 110 ಕೆಜಿ ಇದ್ದರೂ 77. ಹೆಚ್ಚಿನವರು ಈ ಪುಟವನ್ನು ಇಂಧನ ತುಂಬುವುದಕ್ಕಷ್ಟೇ ತೆರೆಯುತ್ತಾರೆ, ಸೀಟಿನಲ್ಲಿ ಯಾರು ಕೂತಿದ್ದಾರೆ ಅಂತ ನೋಡುವುದೇ ಇಲ್ಲ.

ಈ 170 ಸುಮ್ನೆ ಬಂದ ಸಂಖ್ಯೆಯಲ್ಲ. ಅಮೆರಿಕದಲ್ಲಿ ಸಣ್ಣ ವಿಮಾನಗಳಿಗೆ ಮಾನ್ಯತೆ ಕೊಡುವ ಪಾರ್ಟ್ 23 ನಿಯಮದಲ್ಲಿ, ನಾರ್ಮಲ್ ವರ್ಗದ ವಿಮಾನದ ಒಂದು ಸೀಟಿಗೆ 170 ಪೌಂಡಿನ ಒಬ್ಬ ವ್ಯಕ್ತಿ ಎಂದು ದಶಕಗಳ ಕಾಲ ಲೆಕ್ಕ ಹಿಡಿಯುತ್ತಿದ್ದರು. ಯುಟಿಲಿಟಿ ಮತ್ತು ಆಕ್ರೋಬ್ಯಾಟಿಕ್ ವರ್ಗಕ್ಕೆ 190. ಸಿಮ್ಯುಲೇಟರ್ ವಿಮಾನ ತಯಾರಿಸುವವರು ಅದನ್ನೇ ಹಾಗೆಯೇ ಎತ್ತಿಕೊಂಡರು.

ಮನೆಯ ಸಿಮ್ಯುಲೇಟರ್‌ಗಳು ಪೈಲಟ್ ತೂಕವನ್ನು ನಿಜಕ್ಕೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆಯೇ? ಹೌದು, ಚೆನ್ನಾಗಿಯೇ ತೆಗೆದುಕೊಳ್ಳುತ್ತವೆ. ಅದಕ್ಕಾಗಿ ಪ್ರತ್ಯೇಕ ಜಾಣತನವೇನೂ ಬೇಕಿಲ್ಲ. ಸಿಮ್ಯುಲೇಟರ್‌ಗೆ ಪೈಲಟ್ ಅಂದರೆ ಇಂತಿಷ್ಟು ಭಾರದ, ಇಂಥ ಜಾಗದಲ್ಲಿರುವ ಒಂದು ಚುಕ್ಕೆ. ಇಂಧನ, ಲಗೇಜು, ಪೈಲಟ್ ಎಲ್ಲ ಒಂದೇ ಮೊತ್ತಕ್ಕೆ ಸೇರುತ್ತವೆ. ಹಾಗಾಗಿ ತೊಂದರೆ ಬರುವುದು ಲೆಕ್ಕದ ವಿಧಾನದಲ್ಲಿ ಅಲ್ಲ, ಅದಕ್ಕೆ ಕೊಟ್ಟ ಸಂಖ್ಯೆಯಲ್ಲಿ. ಪೈಲಟ್ ಎಲ್ಲಿ ಅಡಗಿದ್ದಾರೆ, ಎಷ್ಟು ತೂಗುತ್ತಾರೆ, ಎರಡು ಸಲ ಎಣಿಕೆಯಾಗಿದ್ದಾರೋ ಅಥವಾ ಒಂದು ಸಲವೂ ಇಲ್ಲವೋ ಎಂಬುದನ್ನು ನೀವೇ ಪತ್ತೆ ಮಾಡಬೇಕು.

ಇಷ್ಟೆಲ್ಲ ತಲೆಬಿಸಿ ಬೇಕಾ ಎಂದು ಕೇಳುವವರಿಗೆ ಎರಡು ವಿಮಾನ ಸಾಕು. ಸೆಸ್ನಾ 152ರ ಗರಿಷ್ಠ ತೂಕ 1670 ಪೌಂಡ್, ಸುಮಾರು 757 ಕೆಜಿ. ಅದರಲ್ಲಿ ತಲಾ 85 ಕೆಜಿಯ ಇಬ್ಬರು ಕೂತರೆ 170 ಕೆಜಿ, ಅಂದರೆ ಇಡೀ ವಿಮಾನದ ಶೇ. 22. ಇನ್ನೊಂದು ಕಡೆ 79 ಟನ್‌ನ ಏರ್‌ಬಸ್ ಎ320 ನಿಯೋ. ಇಬ್ಬರು ಪೈಲಟ್, ನಾಲ್ವರು ಕ್ಯಾಬಿನ್ ಸಿಬ್ಬಂದಿ ಸೇರಿ 470 ಕೆಜಿ ಎಂದಿಟ್ಟುಕೊಳ್ಳಿ. ಶೇ. 0.6 ಅಷ್ಟೇ. ನೀವು ಹಾರಿಸುವುದು ಬರೀ ಏರ್‌ಬಸ್ ಆದರೆ ಎರಡನೇ ಹೆಜ್ಜೆ ಓದಿ, ನೇರ ಕೊನೆಯ ಭಾಗಕ್ಕೆ ಹೋಗಬಹುದು.

ಹೆಜ್ಜೆ 1: ಸಂಖ್ಯೆ ಎಲ್ಲಿದೆ ನೋಡಿ

ಮೈಕ್ರೋಸಾಫ್ಟ್ ಸಿಮ್‌ನಲ್ಲಿ ತೆರೆಯ ಮೇಲಿನ ಪುಟದ ಹಿಂದೆ ಒಂದು ಪಠ್ಯ ಫೈಲ್ ಇರುತ್ತದೆ. 2020ರ ಆವೃತ್ತಿಯಲ್ಲಿ ಪ್ರತಿ ವಿಮಾನದ ಫೋಲ್ಡರ್ ಒಳಗೆ ಫ್ಲೈಟ್ ಮಾಡೆಲ್ ಹೆಸರಿನ ಸಿಎಫ್‌ಜಿ ಫೈಲ್ ಹುಡುಕಿ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ವೇಯ್ಟ್ ಅಂಡ್ ಬ್ಯಾಲೆನ್ಸ್ ವಿಭಾಗದಲ್ಲಿ ‘ಸ್ಟೇಷನ್ ಲೋಡ್’ ಎಂಬ ಸಾಲುಗಳು ಸಿಗುತ್ತವೆ. ಮೊದಲ ಅಂಕಿ ತೂಕ, ಪೌಂಡ್‌ನಲ್ಲಿ. ಆಮೇಲಿನ ಮೂರು ಅಂಕಿ ಆ ಭಾರ ಕೂತಿರುವ ಜಾಗ, ಅಡಿಗಳಲ್ಲಿ: ಮುಂದೆ-ಹಿಂದೆ, ಎಡ-ಬಲ, ಮೇಲೆ-ಕೆಳಗೆ. ಮುಂದಕ್ಕೆ, ಬಲಕ್ಕೆ, ಮೇಲಕ್ಕೆ ಹೋದರೆ ಪ್ಲಸ್. ಹಾಗಾಗಿ ಎಡ ಸೀಟಿನ ಪೈಲಟ್‌ಗೆ ಎಡ-ಬಲದ ಅಂಕಿ ಮೈನಸ್‌ನಲ್ಲಿರಬೇಕು. ಅಲ್ಲಿ ಸೊನ್ನೆ ಇದ್ದರೆ ತಯಾರಕರು ಪೈಲಟ್‌ನನ್ನು ವಿಮಾನದ ನಡುಮಧ್ಯೆ ಕೂರಿಸಿದ್ದಾರೆ ಎಂದರ್ಥ. ಹಳೆಯ ಉಚಿತ ಆಡ್-ಆನ್‌ಗಳಲ್ಲಿ (ಸಿಮ್‌ಗೆ ಬೇರೆಯಾಗಿ ಸೇರಿಸುವ ವಿಮಾನಗಳು) ಈ ಸೋಮಾರಿತನ ಮಾಮೂಲಿ.

ತೆರೆಯ ಮೇಲೆ ನೀವು ಕೆಜಿ ಆರಿಸಿದ್ದರೂ ಫೈಲ್ ಒಳಗೆ ಪೌಂಡೇ ಇರುತ್ತದೆ. 85 ಎಂದು ಬರೆದರೆ 38 ಕೆಜಿಯ ಮಗು ಹಾರಿಸಿದಂತಾಗುತ್ತದೆ, ಹುಷಾರು. ಫೈಲ್ ಮುಟ್ಟುವ ಮೊದಲು ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಕೆಲವು ಮಾರಾಟದ ವಿಮಾನಗಳ ಫೈಲ್ ಬೀಗ ಹಾಕಿರುತ್ತದೆ, 2024ರ ಆವೃತ್ತಿಯಲ್ಲಿ ಬಹಳಷ್ಟು ವಿಮಾನಗಳು ಇಂಟರ್‌ನೆಟ್‌ನಿಂದಲೇ ಹರಿದು ಬರುತ್ತವೆ. ಅಂಥ ಕಡೆ ತೆರೆಯ ಮೇಲಿನ ಪುಟವೇ ಗತಿ. ಪರವಾಗಿಲ್ಲ, ತೂಕ ಬದಲಿಸಲು ಅದು ಸಾಕು.

ಇನ್ನೊಂದು ಸಿಮ್ ಆದ ಎಕ್ಸ್-ಪ್ಲೇನ್ 11ರಲ್ಲಿ ಸೀಟುಗಳ ಲೆಕ್ಕವೇ ಇರಲಿಲ್ಲ. ಒಟ್ಟು ಪೇಲೋಡ್ (ಜನ, ಲಗೇಜು ಸೇರಿದ ಭಾರ) ಒಂದು ಸ್ಲೈಡರ್, ಗುರುತ್ವ ಕೇಂದ್ರ (ಎಲ್ಲ ಭಾರ ಸೇರಿ ವಿಮಾನ ಸಮತೂಗುವ ಬಿಂದು) ಇನ್ನೊಂದು ಸ್ಲೈಡರ್. ಪೈಲಟ್‌ನನ್ನೂ ಆ ಪೇಲೋಡ್‌ನೊಳಗೇ ನೀವು ಸೇರಿಸಬೇಕಿತ್ತು, ಪೇಲೋಡ್ ಸೊನ್ನೆ ಮಾಡಿ ಹಾರಿದವರು ಪೈಲಟ್ ಇಲ್ಲದ ವಿಮಾನ ಹಾರಿಸಿದ್ದಾರೆ. ಎಕ್ಸ್-ಪ್ಲೇನ್ 12ರಲ್ಲಿ ಸೀಟುವಾರು ಪೇಲೋಡ್ ಸ್ಟೇಷನ್‌ಗಳು ಬಂದಿವೆ. ಆದರೆ ವಿಮಾನ ಮಾಡಿದವರು ಅವನ್ನು ತುಂಬಿದ್ದರೆ ಮಾತ್ರ ಉಪಯೋಗ.

ಫ್ಲೈಟ್‌ಗೇರ್ ಬಳಸುವವರಿಗೆ ಎಲ್ಲ ತೆರೆದ ಪುಸ್ತಕ. ಜೆಎಸ್‌ಬಿಸಿಮ್ ಎಂಬ ಹಾರಾಟದ ಲೆಕ್ಕ ಹಾಕುವ ತಂತ್ರಾಂಶ ಆಧಾರಿತ ವಿಮಾನದ ಎಕ್ಸ್‌ಎಂಎಲ್ ಫೈಲ್‌ನಲ್ಲಿ ‘ಮಾಸ್ ಬ್ಯಾಲೆನ್ಸ್’ ಭಾಗ ನೋಡಿ. ಖಾಲಿ ತೂಕ ಬೇರೆ, ಪೈಲಟ್ ಹೆಸರಿನ ‘ಪಾಯಿಂಟ್ ಮಾಸ್’ ಬೇರೆ ಇರುತ್ತವೆ. ಈ ವಿಷಯ ಕಲಿಯಬೇಕು ಅನ್ನುವವರಿಗೆ ನನ್ನ ಸಲಹೆ ಇದೇ ಸಿಮ್. ನೋಡಲು ಅಷ್ಟೇನೂ ಚೆಂದವಿಲ್ಲ, ಒಳಗಿನ ಲೆಕ್ಕ ಮಾತ್ರ ಬಿಚ್ಚಿಟ್ಟುಕೊಂಡಿದೆ.

ಇನ್ನೊಂದು ಮಾತು. ಪೈಲಟ್‌ನ ಮುಖ, ಬಟ್ಟೆ, ಮೈಕಟ್ಟು ಆರಿಸುವ ಅವತಾರ್ ಸೆಟ್ಟಿಂಗ್ ಬರೀ ಅಲಂಕಾರ. ದಪ್ಪಗಿನ ಪೈಲಟ್ ಆರಿಸಿದರೆ ವಿಮಾನ ಭಾರವಾಗುವುದಿಲ್ಲ. ತಿರುಗುಮುರುಗಾಗಿ, ಕೆಲವು ವಿಮಾನಗಳಲ್ಲಿ ಕೋ-ಪೈಲಟ್ ಸ್ಟೇಷನ್‌ನ ತೂಕ ಸೊನ್ನೆ ಮಾಡಿದರೆ ಪಕ್ಕದ ಸೀಟಿನ ಬೊಂಬೆ ಮಾಯವಾಗುತ್ತದೆ. ಅದು ಒಳ್ಳೆಯ ಸೂಚನೆ, ತಯಾರಕರು ಆ ಸೀಟಿನ ಬಗ್ಗೆ ಯೋಚಿಸಿದ್ದಾರೆ ಎಂದು ತಿಳಿಯಬಹುದು.

ಹೆಜ್ಜೆ 2: ಖಾಲಿ ತೂಕ ನಿಜಕ್ಕೂ ಖಾಲಿಯೇ?

ಅಸಲಿ ಗೊಂದಲ ಇಲ್ಲಿರುವುದು. ಸಣ್ಣ ವಿಮಾನದ ಕೈಪಿಡಿಯಲ್ಲಿ ಬೇಸಿಕ್ ಎಂಪ್ಟಿ ವೇಯ್ಟ್ ಅಂದರೆ ವಿಮಾನ, ಎಂಜಿನ್ ಆಯಿಲ್, ಬಳಸಲಾಗದ ಇಂಧನ. ಮನುಷ್ಯರಿಲ್ಲ. ದೊಡ್ಡ ವಿಮಾನಗಳ ಜಗತ್ತಿನಲ್ಲಿ ಡ್ರೈ ಆಪರೇಟಿಂಗ್ ವೇಯ್ಟ್ ಎಂದರೆ ಸಿಬ್ಬಂದಿ, ಅವರ ಚೀಲ, ಊಟದ ಟ್ರಾಲಿ ಎಲ್ಲ ಒಳಗೇ. ಎರಡನ್ನೂ ಮಾತಿನಲ್ಲಿ ‘ಖಾಲಿ ತೂಕ’ ಅಂದುಬಿಡುತ್ತಾರೆ. ಟರ್ಬೊಪ್ರಾಪ್ ಮತ್ತು ಸಣ್ಣ ಜೆಟ್‌ಗಳ ಆಡ್-ಆನ್ ಮಾಡುವವರು ಸಿಬ್ಬಂದಿ ಸೇರಿದ ಅಂಕಿಯನ್ನು ಖಾಲಿ ತೂಕದ ಸಾಲಿಗೆ ಹಾಕಿ, ಸ್ಟೇಷನ್‌ಗಳಲ್ಲಿ ಮತ್ತೆ ಇಬ್ಬರು ಪೈಲಟ್ ಕೂರಿಸಿದರೆ ಏನಾಗುತ್ತದೆ? 340 ಪೌಂಡ್ ದೆವ್ವಗಳು ಹತ್ತಿದ ಹಾಗೆ.

ಪರೀಕ್ಷೆ ಸುಲಭ. ಲಿಟಲ್ ನ್ಯಾವ್‌ಮ್ಯಾಪ್ ಎಂಬ ಉಚಿತ ತಂತ್ರಾಂಶ ಸಿಮ್‌ಗೆ ಜೋಡಿಸಿದರೆ ವಿಮಾನದ ಒಟ್ಟು ತೂಕ, ಇಂಧನದ ತೂಕ ಎಲ್ಲ ಕಾಣುತ್ತದೆ. ಎಕ್ಸ್-ಪ್ಲೇನ್‌ನಲ್ಲಿ ಡೇಟಾ ಔಟ್‌ಪುಟ್ ಪುಟದಲ್ಲೇ ಪೇಲೋಡ್ ಮತ್ತು ತೂಕದ ಸಾಲು ಇದೆ. ಎಲ್ಲ ಸೀಟು, ಲಗೇಜು ಸೊನ್ನೆ ಮಾಡಿ. ಒಟ್ಟು ತೂಕದಿಂದ ಇಂಧನ ಕಳೆಯಿರಿ. ಉಳಿದದ್ದನ್ನು ಆ ವಿಮಾನದ ಕೈಪಿಡಿಯ ಖಾಲಿ ತೂಕದ ಜೊತೆ ಹೋಲಿಸಿ. 150ರಿಂದ 200 ಕೆಜಿ ಜಾಸ್ತಿ ಬಂದರೆ ಇಬ್ಬರು ಪೈಲಟ್‌ಗಳು ಆಗಲೇ ಒಳಗಿದ್ದಾರೆ ಎಂದು ಅನುಮಾನ ಪಡಿ. ಹಾಗಿದ್ದರೆ ಸ್ಟೇಷನ್‌ನಲ್ಲಿ ಪೈಲಟ್ ಜಾಗವನ್ನು ಸೊನ್ನೆಯಲ್ಲೇ ಬಿಡಿ. ಅಥವಾ ನಿಮ್ಮ ತೂಕಕ್ಕೂ ಲೆಕ್ಕದ ಪೈಲಟ್ ತೂಕಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಹಾಕಿ. ಹತ್ತಿಪ್ಪತ್ತು ಕೆಜಿ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನಿಜ ಜೀವನದಲ್ಲೂ ಒಂದೇ ಮಾದರಿಯ ಎರಡು ವಿಮಾನಗಳು ಅಷ್ಟು ಬೇರೆ ಇರುತ್ತವೆ.

ಹೆಜ್ಜೆ 3: ಸರಿಯಾದ ಅಂಕಿ ಯಾವುದು?

ಸಣ್ಣ ವಿಮಾನಕ್ಕೆ ಉತ್ತರ ಒಂದೇ: ಬಟ್ಟೆ, ಶೂ, ಹೆಡ್‌ಸೆಟ್, ಚೀಲ ಸೇರಿಸಿ ನಿಮ್ಮ ನಿಜವಾದ ತೂಕ. ಪಕ್ಕದ ಸೀಟಿನಲ್ಲಿ ಇನ್‌ಸ್ಟ್ರಕ್ಟರ್ ಇದ್ದಾರೆ ಎಂದು ಕಲ್ಪಿಸಿಕೊಂಡು ಹಾರುತ್ತಿದ್ದರೆ ಅವರ ತೂಕವೂ ಬೇಕು.

ಏರ್‌ಲೈನ್ ಸಿಬ್ಬಂದಿಗೆ ಸಿದ್ಧ ಅಂಕಿಗಳಿವೆ. ಯುರೋಪಿನ ನಿಯಮದಲ್ಲಿ ಕೈಚೀಲ ಸೇರಿ ಕಾಕ್‌ಪಿಟ್ ಸಿಬ್ಬಂದಿಗೆ 85 ಕೆಜಿ, ಕ್ಯಾಬಿನ್ ಸಿಬ್ಬಂದಿಗೆ 75 ಕೆಜಿ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2005ರ ಸುತ್ತೋಲೆಯಲ್ಲಿ ಪೈಲಟ್‌ಗೆ 190 ಪೌಂಡ್, ಚಕ್ರದ ಚೀಲಕ್ಕೆ 30, ಫ್ಲೈಟ್ ಬ್ಯಾಗ್‌ಗೆ 20 ಎಂದು ಹೇಳಿತು. ಒಟ್ಟು 240 ಪೌಂಡ್, 109 ಕೆಜಿ. ಒಂದೇ ಕೆಲಸ ಮಾಡುವ ಪೈಲಟ್ ಅಟ್ಲಾಂಟಿಕ್ ದಾಟಿದರೆ 24 ಕೆಜಿ ಏರುತ್ತಾರೆ, ತಮಾಷೆ ಅಲ್ವಾ.

ಈ ಸರಾಸರಿಗಳ ಹಿಂದೆ ಒಂದು ದುರಂತವೂ ಇದೆ. 2003ರ ಜನವರಿ 8ರಂದು ಅಮೆರಿಕದ ಷಾರ್ಲೆಟ್‌ನಲ್ಲಿ ಏರ್ ಮಿಡ್‌ವೆಸ್ಟ್‌ನ ಬೀಚ್ 1900ಡಿ ವಿಮಾನ ಮೇಲೇರುತ್ತಿದ್ದಂತೆ ಮೂತಿ ಎತ್ತಿ ಬಿದ್ದು, ಅದರಲ್ಲಿದ್ದ 21 ಮಂದಿಯೂ ತೀರಿಕೊಂಡರು. ಎಲಿವೇಟರ್ (ಮೂತಿ ಏರಿಳಿಸುವ ಬಾಲದ ಫಲಕ) ಕೇಬಲ್ ಅನ್ನು ತಪ್ಪಾಗಿ ಹೊಂದಿಸಿದ್ದು ಮುಖ್ಯ ಕಾರಣ. ಅದರ ಜೊತೆಗೆ ವಿಮಾನ ಲೆಕ್ಕಕ್ಕಿಂತ ಭಾರವಾಗಿತ್ತು, ಭಾರ ಹಿಂದಕ್ಕೆ ಜರುಗಿತ್ತು. ಕಾಗದದ ಮೇಲಿನ ಸರಾಸರಿ ಪ್ರಯಾಣಿಕನಿಗಿಂತ ನಿಜವಾದ ಪ್ರಯಾಣಿಕರು ಹೆಚ್ಚು ತೂಗುತ್ತಿದ್ದರು. ಆಮೇಲೆ ಎಫ್‌ಎಎ ಪ್ರಯಾಣಿಕರನ್ನು ತೂಗಿಸಿ ನೋಡಿ, ಅಂಕಿಗಳನ್ನು ಏರಿಸಿತು.

ಹೆಜ್ಜೆ 4: ಗುರುತ್ವ ಕೇಂದ್ರ ಲೆಕ್ಕ ಹಾಕಿ

ಸೆಸ್ನಾ 172ಎಸ್ ತೆಗೆದುಕೊಳ್ಳೋಣ. ಇದು ಹೆಚ್ಚಿನ ಸಿಮ್‌ಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಸಿಗುತ್ತದೆ. ಗರಿಷ್ಠ ತೂಕ 2550 ಪೌಂಡ್. ದೂರಗಳನ್ನು ಎಂಜಿನ್ ಹಿಂದಿನ ಫೈರ್‌ವಾಲ್‌ನಿಂದ ಇಂಚುಗಳಲ್ಲಿ ಅಳೆಯುತ್ತಾರೆ: ಮುಂದಿನ ಸೀಟು 37, ಇಂಧನ 48, ಹಿಂದಿನ ಸೀಟು 73. ನಮ್ಮ ಉದಾಹರಣೆಗೆ ಖಾಲಿ ತೂಕ 1650 ಪೌಂಡ್, ಅದರ ಕೇಂದ್ರ 38.2 ಇಂಚು ಎಂದಿಟ್ಟುಕೊಳ್ಳಿ. ಇಂಧನ 30 ಗ್ಯಾಲನ್, 180 ಪೌಂಡ್. ಪ್ರತಿ ಭಾರವನ್ನೂ ಅದರ ದೂರದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಕೇಂದ್ರ ಸಿಗುತ್ತದೆ.

85 ಕೆಜಿಯ, ಅಂದರೆ 187 ಪೌಂಡಿನ ಪೈಲಟ್ ಒಬ್ಬರೇ ಇದ್ದಾಗ ಒಟ್ಟು 2017 ಪೌಂಡ್, ಕೇಂದ್ರ 38.96 ಇಂಚು. ಅಷ್ಟೇ ತೂಕದ ಇನ್ನೊಬ್ಬರು ಮುಂದೆ ಕೂತರೆ 2204 ಪೌಂಡ್, ಕೇಂದ್ರ 38.80. ನೋಡಿ, 187 ಪೌಂಡ್ ಹತ್ತಿದರೂ ಕೇಂದ್ರ ಅಲುಗಿದ್ದು ಇಂಚಿನ ಆರನೇ ಒಂದು ಭಾಗ. ಮುಂದಿನ ಸೀಟು ಕೇಂದ್ರದ ಹತ್ತಿರವೇ ಇರುವುದರಿಂದ ಹೀಗೆ. ಅಂದರೆ 172ರಲ್ಲಿ ಮುಂದೆ ಕೂತವರ ತೂಕ ಏರುವ ವೇಗಕ್ಕೆ, ಓಡುವ ದೂರಕ್ಕೆ ಪೆಟ್ಟು ಕೊಡುತ್ತದೆ, ಸಮತೋಲನಕ್ಕೆ ಅಷ್ಟಾಗಿ ಇಲ್ಲ.

ಈಗ ಹಿಂದೆಯೂ ಅದೇ ತೂಕದ ಇಬ್ಬರನ್ನು ಕೂರಿಸಿ. ಕೇಂದ್ರ ಒಂದೇ ಏಟಿಗೆ 43.8ಕ್ಕೆ ಜಾರುತ್ತದೆ. ಅದು 47.3ರ ಹಿಂಭಾಗದ ಮಿತಿಯೊಳಗೇ ಇದೆ, ಆದರೆ ಒಟ್ಟು ತೂಕ 2578. ಟ್ಯಾಂಕ್ ಪೂರ್ತಿ ತುಂಬದೆಯೇ ಮಿತಿ ಮೀರಿಯಾಯಿತು. ಎಲ್ಲರನ್ನೂ 170 ಪೌಂಡ್ ಎಂದು ಬಿಟ್ಟಿದ್ದರೆ 2510 ತೋರಿಸಿ, ಎಲ್ಲ ಸರಿಯಾಗಿದೆ ಅನ್ನುತ್ತಿತ್ತು. ಸಿಮ್ ಕೆಂಪು ಬಣ್ಣ ತೋರಿಸಿದರೂ ಹಾರಲು ಬಿಡುತ್ತದೆ, ಯಾರೂ ತಡೆಯುವುದಿಲ್ಲ.

ನಿಮ್ಮ ಲೆಕ್ಕಕ್ಕೂ ತೆರೆಯ ಮೇಲಿನ ಕೇಂದ್ರಕ್ಕೂ ಹೊಂದದಿದ್ದರೆ ಅಳತೆಯ ಆರಂಭ ಬಿಂದು ಬೇರೆ ಇರಬಹುದು, ಅಥವಾ ಅದು ರೆಕ್ಕೆಯ ಮುಂದಂಚಿನಿಂದ ಹಿಂದಂಚಿನವರೆಗಿನ ಅಗಲದ ಶೇಕಡಾವಾರಿನಲ್ಲಿರಬಹುದು. ಅಂಕಿ ಹೊಂದಿಸಲು ಹೋಗಬೇಡಿ. ತೂಕ ಬದಲಿಸಿದಾಗ ಅದು ಜರುಗುವ ದಿಕ್ಕು ಮತ್ತು ಪ್ರಮಾಣ ಮಾತ್ರ ನೋಡಿ.

ಹೆಜ್ಜೆ 5: ಹಾರಿ ನೋಡಿ

ಹವಾಮಾನ ತಿಳಿ, ಗಾಳಿ ಸೊನ್ನೆ, ಅನ್‌ಲಿಮಿಟೆಡ್ ಫ್ಯುಯೆಲ್ ಆನ್ ಮಾಡಿ, ಇಲ್ಲದಿದ್ದರೆ ಹಾರುತ್ತಾ ಹಾರುತ್ತಾ ತೂಕ ಇಳಿದು ಹೋಲಿಕೆ ಕೆಡುತ್ತದೆ. ಒಂದು ಹಾರಾಟ 50 ಕೆಜಿಯ ಪೈಲಟ್ ಒಬ್ಬರೇ, ಇನ್ನೊಂದು ಮುಂದೆ 120 ಕೆಜಿಯ ಇಬ್ಬರು. ಮೇಲಿನ 172ರಲ್ಲೇ ಇದು 1940 ಮತ್ತು 2360 ಪೌಂಡ್ ಆಗುತ್ತದೆ.

ಸ್ಟಾಲ್ ವೇಗ (ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) ತೂಕದ ವರ್ಗಮೂಲದಷ್ಟು ಏರಬೇಕು. ಇಲ್ಲಿ ಶೇ. 10. ಎರಡು ಸಲವೂ ಒಂದೇ ಎತ್ತರಕ್ಕೆ ಹೋಗಿ, ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನ ಫಲಕ) ಮೇಲಕ್ಕೆತ್ತಿ, ಪವರ್ ಪೂರ್ತಿ ಇಳಿಸಿ, ಸೆಕೆಂಡಿಗೆ ಒಂದು ನಾಟ್‌ನಂತೆ ವೇಗ ಇಳಿಸುತ್ತಾ ಬನ್ನಿ. ವೇಗಮಾಪಕವನ್ನು ಪೂರ್ತಿ ನಂಬಬೇಡಿ. 172ಎಸ್ ಕೈಪಿಡಿಯಲ್ಲೇ ಪೂರ್ಣ ತೂಕದಲ್ಲಿ ಸ್ಟಾಲ್ ವೇಗ ಮಾಪಕದಲ್ಲಿ 48 ನಾಟ್, ತಿದ್ದಿದ ವೇಗ 53 ನಾಟ್ ಎಂದಿದೆ. ಮೂತಿ ಅಷ್ಟು ಎತ್ತಿದಾಗ ಮಾಪಕ ಸುಳ್ಳು ಹೇಳುತ್ತದೆ, ಒಳ್ಳೆಯ ಆಡ್-ಆನ್‌ಗಳು ಆ ಸುಳ್ಳನ್ನೂ ಅನುಕರಿಸುತ್ತವೆ. ಗಾಳಿ ಇಲ್ಲದಿರುವುದರಿಂದ ಜಿಪಿಎಸ್ ತೋರಿಸುವ ನೆಲದ ವೇಗವನ್ನೇ ಬರೆದುಕೊಂಡು ಎರಡನ್ನೂ ಭಾಗಿಸಿ. 1.08ರಿಂದ 1.12ರೊಳಗೆ ಬಂದರೆ ವಿಮಾನ ಪಾಸು.

ನೆಲದ ಮೇಲಿನ ಓಟ ಸುಮಾರಾಗಿ ತೂಕದ ವರ್ಗದಂತೆ ಬೆಳೆಯುತ್ತದೆ. ಶೇ. 10 ಭಾರಕ್ಕೆ ಶೇ. 21 ಉದ್ದ. ಇದನ್ನು ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯಿಂದ ಮಾಡಿ ನೋಡಿ, ಮಜಾ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. 30 ಡಿಗ್ರಿ ಬಿಸಿಲಿನಲ್ಲಿ ವಿಮಾನಕ್ಕೆ ಅದು ಸುಮಾರು 5500 ಅಡಿಯ ಗಾಳಿಯಂತೆ ತೆಳ್ಳಗೆ ಅನಿಸುತ್ತದೆ. ಹಗುರ ಪೈಲಟ್ ಇದ್ದಾಗ ಸಲೀಸಾಗಿ ಎದ್ದ 152, ಭಾರದ ಇಬ್ಬರು ಕೂತಾಗ ರನ್‌ವೇ ತುದಿಯ ಮರಗಳನ್ನು ಹತ್ತಿರದಿಂದ ತೋರಿಸುತ್ತದೆ. ಇಲ್ಲಿ ಹೋಲಿಕೆಗೆ ಸಮುದ್ರಮಟ್ಟದ ಅಂಕಿ ತೆಗೆದುಕೊಳ್ಳಬೇಡಿ, ಕೈಪಿಡಿಯಲ್ಲಿ ಎತ್ತರ ಮತ್ತು ಉಷ್ಣತೆಯ ಕೋಷ್ಟಕ ಇರುತ್ತದೆ.

ತೂಕ ಕಡಿಮೆಯಾದರೆ ಎಲ್ಲವೂ ಒಳ್ಳೆಯದೇ ಅಂದುಕೊಳ್ಳಬೇಡಿ. ಗಾಳಿ ಕುಲುಕಾಟದಲ್ಲಿ ಮೀರಬಾರದ ಮ್ಯಾನೂವರಿಂಗ್ ವೇಗ 172ಎಸ್‌ಗೆ 2550 ಪೌಂಡ್‌ನಲ್ಲಿ 105 ನಾಟ್, 1900ರಲ್ಲಿ 90 ನಾಟ್ ಮಾತ್ರ. ಒಬ್ಬರೇ ಹಾರುವಾಗ ಇನ್ನೂ ನಿಧಾನ ಹೋಗಬೇಕು.

ಎಡ-ಬಲದ ಪರೀಕ್ಷೆಯನ್ನೂ ಬಿಡಬೇಡಿ. 85 ಕೆಜಿ ಪೈಲಟ್ ಮಧ್ಯದಿಂದ 30 ಸೆಂಟಿಮೀಟರ್ ಎಡಕ್ಕೆ ಕೂತರೆ, ರೆಕ್ಕೆಯ ಟ್ಯಾಂಕ್ 2 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಂಡರೆ, ಎಡ ಟ್ಯಾಂಕಿನಲ್ಲಿ ಸುಮಾರು 18 ಲೀಟರ್ ಇಂಧನ ಜಾಸ್ತಿ ಇದ್ದಂತೆ. ಕೈ ಬಿಟ್ಟು ಹಾರಿಸಿದರೆ ಎಡಕ್ಕೆ ನಿಧಾನ ವಾಲಬೇಕು, ಬಲ ಸೀಟು ತುಂಬಿದರೆ ಅದು ನಿಲ್ಲಬೇಕು. ಎರಡು ಸಲವೂ ಒಂದೇ ರೀತಿ ಹಾರಿದರೆ ಮೊದಲ ಹೆಜ್ಜೆಯ ಆ ಸೊನ್ನೆಯನ್ನು ಹುಡುಕಿ.

ಹೆಲಿಕಾಪ್ಟರ್, ಗ್ಲೈಡರ್

ಪೈಲಟ್ ತೂಕದ ಮಹಿಮೆ ಕಾಣಬೇಕಾದರೆ ಇವೆರಡೇ ಸರಿ. ಕಾಬ್ರಿ ಜಿ2 ಹೆಲಿಕಾಪ್ಟರ್‌ನ ಗರಿಷ್ಠ ತೂಕ 700 ಕೆಜಿ, ರಾಬಿನ್ಸನ್ ಆರ್22ರದ್ದು 1370 ಪೌಂಡ್. ಆರ್22ರ ಒಂದು ಸೀಟಿಗೆ, ಅದರ ಕೆಳಗಿನ ಸಾಮಾನು ಸೇರಿ, 240 ಪೌಂಡ್ ಮೇಲೆ ಇಡುವ ಹಾಗಿಲ್ಲ. ಒಬ್ಬರೇ ಬಲ ಸೀಟಿನಲ್ಲಿ ಕೂತು ನೆಲ ಬಿಟ್ಟರೆ ಬಲಭಾಗ ತಗ್ಗಿ, ಸೈಕ್ಲಿಕ್ (ಹೆಲಿಕಾಪ್ಟರ್ ವಾಲಿಸುವ ಸ್ಟಿಕ್) ಅನ್ನು ಎಡಕ್ಕೆ ಹಿಡಿಯಬೇಕಾಗುತ್ತದೆ. ಪಕ್ಕದಲ್ಲಿ ಭಾರದ ಒಬ್ಬರನ್ನು ಕೂರಿಸಿ ಮತ್ತೆ ಮೇಲೆದ್ದು ನೋಡಿ. ಸ್ಟಿಕ್ ಜಾಗ ಬದಲಾಗದಿದ್ದರೆ ಆ ಹೆಲಿಕಾಪ್ಟರ್ ಮಾದರಿ ನಂಬಿಕೆಗೆ ಯೋಗ್ಯವಲ್ಲ.

ಗ್ಲೈಡರ್‌ನಲ್ಲಿ ಪೈಲಟ್ ರೆಕ್ಕೆಗಿಂತ ಬಹಳ ಮುಂದೆ ಕೂರುತ್ತಾರೆ, ಹಾಗಾಗಿ ಕನಿಷ್ಠ ತೂಕವೂ ಇರುತ್ತದೆ. ಅನೇಕ ಗ್ಲೈಡರ್‌ಗಳಲ್ಲಿ ಅದು 70 ಕೆಜಿಯ ಆಸುಪಾಸು. ಹಗುರ ಪೈಲಟ್‌ಗಳು ಸೀಸದ ತುಂಡುಗಳನ್ನು ಮುಂದೆ ಕಟ್ಟಿಕೊಂಡು ಹಾರುತ್ತಾರೆ. ಗ್ಲೈಡರ್‌ಗೆಂದೇ ಇರುವ ಕಾಂಡರ್ ಸಿಮ್‌ನಲ್ಲಿ ನೀರಿನ ಬ್ಯಾಲಸ್ಟ್ (ತೂಕಕ್ಕೆಂದು ತುಂಬುವ ನೀರು) ಜೊತೆ ಗುರುತ್ವ ಕೇಂದ್ರ ಜರುಗಿಸುವ ಸೆಟ್ಟಿಂಗ್ ಇದೆ. ಅದನ್ನು ಹಿಂದಕ್ಕೆ ತಳ್ಳಿದರೆ ಹಗುರ ಪೈಲಟ್, ಮುಂದಕ್ಕೆ ತಂದರೆ ಭಾರದ ಪೈಲಟ್ ಎಂದುಕೊಂಡು ಹಾರಿ. ಹಿಂದಕ್ಕೆ ತಳ್ಳಿದಾಗ ಥರ್ಮಲ್‌ನಲ್ಲಿ (ಮೇಲೇರುವ ಬಿಸಿಗಾಳಿ) ಸುತ್ತುವುದು ಖುಷಿ, ಸ್ಪಿನ್‌ಗೆ (ಗಿರಕಿ ಹೊಡೆಯುತ್ತಾ ಕೆಳಗೆ ಬೀಳುವುದು) ಜಾರುವುದೂ ಅಷ್ಟೇ ಸುಲಭ.

ಸಿಮ್ ಮಾಡದ ಕೆಲಸಗಳೂ ಇವೆ. 172ರ ಮುಂದಿನ ಸೀಟು ಹಳಿಯ ಮೇಲೆ ಜರುಗುತ್ತದೆ, ಕೈಪಿಡಿ ಅದಕ್ಕೆ 34ರಿಂದ 46 ಇಂಚಿನವರೆಗೆ ಅವಕಾಶ ಕೊಡುತ್ತದೆ. ನೀವು ತೆರೆಯಲ್ಲಿ ಸೀಟು ಹಿಂದಕ್ಕೆ ಎಳೆದರೆ ಬದಲಾಗುವುದು ಕ್ಯಾಮೆರಾ ಮಾತ್ರ, ಭಾರದ ಚುಕ್ಕೆ ಅಲ್ಲೇ ಇರುತ್ತದೆ. ಹಿಂದಿನ ಸೀಟಿನಿಂದ ಚೀಲ ತೆಗೆಯಲು ಬಗ್ಗಿದರೂ ಅಷ್ಟೇ. ವೃತ್ತಿಪರ ಸಿಮ್ಯುಲೇಟರ್‌ಗಳೂ ಈ ವಿಷಯದಲ್ಲಿ ನಮ್ಮ ಜಾತಿಯೇ. ಎಚ್‌ಎಎಲ್ ಮತ್ತು ಕೆನಡಾದ ಸಿಮ್ಯುಲೇಟರ್ ಕಂಪನಿ ಸಿಎಇ ಸೇರಿ ಕಟ್ಟಿದ ಬೆಂಗಳೂರಿನ ಹ್ಯಾಟ್ಸಾಫ್‌ನಂಥ ಹೆಲಿಕಾಪ್ಟರ್ ತರಬೇತಿ ಕೇಂದ್ರಗಳಲ್ಲಿರುವ ಫುಲ್ ಫ್ಲೈಟ್ ಸಿಮ್ಯುಲೇಟರ್‌ಗಳಲ್ಲಿ, ಒಟ್ಟು ತೂಕ ಮತ್ತು ಗುರುತ್ವ ಕೇಂದ್ರವನ್ನು ಇನ್‌ಸ್ಟ್ರಕ್ಟರ್ ತಮ್ಮ ತೆರೆಯಲ್ಲಿ ನಮೂದಿಸುತ್ತಾರೆ. ಒಳಗೆ ಕೂತವರ ದೇಹ ಯಂತ್ರದ ಕಾಲುಗಳಿಗೆ ಭಾರ, ಹಾರಾಟದ ಲೆಕ್ಕಕ್ಕಲ್ಲ.

ದೊಡ್ಡ ವಿಮಾನ ಹಾರಿಸುವವರಿಗೆ

ಎ320, 737ರ ಒಳ್ಳೆಯ ಆಡ್-ಆನ್‌ಗಳಲ್ಲಿ ಸಿಬ್ಬಂದಿ ಖಾಲಿ ತೂಕದೊಳಗೇ ಇರುತ್ತಾರೆ. ಬೇರೆ ಸ್ಟೇಷನ್ ಹುಡುಕಬೇಡಿ. ದೂರದ ಹಾರಾಟಕ್ಕೆ ಹೆಚ್ಚುವರಿ ಪೈಲಟ್‌ಗಳಿದ್ದರೂ ಲೆಕ್ಕ ಕದಲುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ನಾಲ್ವರು ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ಬೆಂಗಳೂರಿಗೆ ತಂದರು. ಅಂಥ ಹಾರಾಟವನ್ನು ಮನೆಯಲ್ಲಿ ಮಾಡುವಾಗ ಇಬ್ಬರು ಹೆಚ್ಚುವರಿ ಪೈಲಟ್‌ಗಳಿಗೆ 170 ಕೆಜಿ ಸೇರಿಸಬಹುದು. 347 ಟನ್‌ನ ವಿಮಾನಕ್ಕೆ ಅದು ಶೇ. 0.05. ಸೇರಿಸಲೇಬೇಕು ಅನಿಸಿದರೆ ಸಿಮ್‌ಬ್ರೀಫ್ ಎಂಬ ಹಾರಾಟ ಯೋಜನೆಯ ಜಾಲತಾಣದಲ್ಲಿ ನಿಮ್ಮ ವಿಮಾನದ ಆಪರೇಟಿಂಗ್ ಎಂಪ್ಟಿ ವೇಯ್ಟ್ ಅಂಕಿಯನ್ನು ಅಷ್ಟು ಏರಿಸಿ. ಅದು ಆಡ್-ಆನ್ ತೋರಿಸುವ ಖಾಲಿ ತೂಕದ ಜೊತೆ ಹೊಂದುತ್ತದೆಯೇ ಎಂಬುದು ಮಾತ್ರ ಮುಖ್ಯ, ಯಾಕೆಂದರೆ ಅಲ್ಲಿ ಒಂದು ಟನ್ ವ್ಯತ್ಯಾಸ ಸುಲಭವಾಗಿ ನುಸುಳುತ್ತದೆ. ಪೈಲಟ್ ತೂಕಕ್ಕಿಂತ ಮೊದಲು ಆ ಒಂದು ಟನ್ ಹುಡುಕಿ.